ಎಲಿನಾರ್ ರಾಣಿಯ ದಾರಿಬದಿಯ ಶಿಲುಬೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಊಟಿಗೆ ಹೋಗಿ ಬಂದವರಿಗೆ ಚಾರಿಂಗ್ ಕ್ರಾಸ್ ಗೊತ್ತಿರುತ್ತದೆ. ಆ ಹೆಸರು ಲಂಡನ್ನಿನಿಂದ ಬಂದದ್ದು. ಲಂಡನ್ನಿನ ಆ ಜಾಗಕ್ಕೆ ಹೆಸರಿನಲ್ಲಿ ‘ಕ್ರಾಸ್’ ಸೇರಿದ್ದು ಒಂದು ಕಲ್ಲಿನ ಶಿಲುಬೆಯಿಂದ. ಆ ಶಿಲುಬೆ ಈಗ ಇಲ್ಲ. ಅದರ ಜೊತೆ ಹುಟ್ಟಿದ ಇನ್ನೂ ಹನ್ನೊಂದರಲ್ಲಿ ಮೂರು ಮಾತ್ರ ಇಂಗ್ಲೆಂಡಿನ ದಾರಿಬದಿಯಲ್ಲಿ ಇವತ್ತಿಗೂ ನಿಂತಿವೆ. ಏಳು ನೂರು ವರ್ಷ ದಾಟಿದೆ. ಈ ಶಿಲುಬೆಗಳ ಬಗ್ಗೆ ಮಾತು ಬಂದಾಗೆಲ್ಲ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕಟ್ಟಿದ ಕಥೆ ಎಲ್ಲರಿಗೂ ಇಷ್ಟವಾಗುತ್ತದೆ. ಆದರೆ ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಅವುಗಳನ್ನು ಉಳಿಸಿಕೊಂಡ ಕಥೆ. ಅದಕ್ಕೇ ದುರಸ್ತಿಯ ಪ್ರಶ್ನೆಗಳಿಗೆ ಉತ್ತರ ಸ್ವಲ್ಪ ಉದ್ದವಾಗಿದೆ.

ಈ ಶಿಲುಬೆಗಳನ್ನು ಕಟ್ಟಿಸಿದ್ದು ಯಾರು? ಯಾಕೆ?

ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್. ಅವನ ಹೆಂಡತಿ ಎಲಿನಾರ್, ಸ್ಪೇನಿನ ಕ್ಯಾಸ್ಟೀಲ್ ರಾಜ್ಯದ ರಾಜಕುಮಾರಿ. 1254ರಲ್ಲಿ ಮದುವೆಯಾದಾಗ ಅವನಿಗೆ 15 ವರ್ಷ, ಅವಳಿಗೆ ಸುಮಾರು 13. ಮುಂದಿನ 36 ವರ್ಷ ಇಬ್ಬರೂ ಹೆಚ್ಚು ಕಡಿಮೆ ಜೊತೆಯಲ್ಲೇ ಓಡಾಡಿದರು. ಎಡ್ವರ್ಡ್ ಧರ್ಮಯುದ್ಧಕ್ಕೆ ಪ್ಯಾಲೆಸ್ಟೈನಿಗೆ ಹೋದಾಗ ಅವಳೂ ಹೋದಳು. ಅಲ್ಲೇ ಹೆತ್ತಳು ಕೂಡ.

1290ರ ನವೆಂಬರ್ 28ರಂದು ಲಿಂಕನ್ ಊರಿನ ಹತ್ತಿರದ ಹಾರ್ಬಿ ಎಂಬ ಹಳ್ಳಿಯಲ್ಲಿ ಎಲಿನಾರ್ ತೀರಿಕೊಂಡಳು. ಮಣ್ಣು ಮಾಡಬೇಕಾದದ್ದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ. ಡಿಸೆಂಬರಿನ ಚಳಿಯಲ್ಲಿ ಹೆಣವನ್ನು ನಿಧಾನವಾಗಿ ದಕ್ಷಿಣಕ್ಕೆ ತಂದರು. ರಾಜನೂ ಜೊತೆಯಲ್ಲಿದ್ದ. ರಾತ್ರಿ ಹೆಣ ಇಳಿಸಿದ ಪ್ರತಿ ಊರಿನಲ್ಲೂ ಆಮೇಲೆ ಒಂದು ಶಿಲುಬೆ ನಿಲ್ಲಿಸಿದರು. ಕೆಲಸ 1291ರಲ್ಲಿ ಶುರುವಾಗಿ 1295ರ ಹೊತ್ತಿಗೆ ಹೆಚ್ಚು ಕಡಿಮೆ ಮುಗಿಯಿತು.

ಉದ್ದೇಶ ಬರೀ ನೆನಪಲ್ಲ. ದಾರಿಹೋಕರು ಒಂದು ಗಳಿಗೆ ನಿಂತು ರಾಣಿಯ ಆತ್ಮಕ್ಕಾಗಿ ಪ್ರಾರ್ಥನೆ ಮಾಡಬೇಕು ಎನ್ನುವುದು ಮುಖ್ಯ ಆಸೆ. ಸತ್ತವರ ಆತ್ಮಕ್ಕೆ ಬದುಕಿರುವವರ ಪ್ರಾರ್ಥನೆ ನೆರವಾಗುತ್ತದೆ ಎಂದು ಆಗಿನ ಜನ ಗಟ್ಟಿಯಾಗಿ ನಂಬಿದ್ದರು. ಈ ಯೋಚನೆಗೆ ಒಂದು ಮಾದರಿಯೂ ಇತ್ತು. 1270ರಲ್ಲಿ ಸತ್ತ ಫ್ರಾನ್ಸಿನ ರಾಜ ಒಂಬತ್ತನೇ ಲೂಯಿಯ ಶವಯಾತ್ರೆಯ ದಾರಿಯಲ್ಲೂ ಹೀಗೇ ಕಲ್ಲಿನ ಸ್ಮಾರಕಗಳು ಎದ್ದಿದ್ದವು.

ಆ ಹನ್ನೆರಡು ಊರುಗಳು ಯಾವುವು?

ಉತ್ತರದಿಂದ ದಕ್ಷಿಣಕ್ಕೆ ಬಂದರೆ: ಲಿಂಕನ್, ಗ್ರಾಂಥಮ್, ಸ್ಟ್ಯಾಮ್‌ಫರ್ಡ್, ಗೆಡಿಂಗ್ಟನ್, ನಾರ್ಥಾಂಪ್ಟನ್ ಪಕ್ಕದ ಹಾರ್ಡಿಂಗ್‌ಸ್ಟೋನ್, ಸ್ಟೋನಿ ಸ್ಟ್ರಾಟ್‌ಫರ್ಡ್, ವೋಬರ್ನ್, ಡನ್‌ಸ್ಟಬಲ್, ಸೇಂಟ್ ಆಲ್ಬನ್ಸ್, ವಾಲ್ಥಮ್, ಲಂಡನ್ನಿನೊಳಗಿನ ಚೀಪ್‌ಸೈಡ್, ಕೊನೆಗೆ ಚಾರಿಂಗ್. ಇವುಗಳಲ್ಲಿ ಉಳಿದಿರುವುದು ಗೆಡಿಂಗ್ಟನ್, ಹಾರ್ಡಿಂಗ್‌ಸ್ಟೋನ್ ಮತ್ತು ವಾಲ್ಥಮ್. ಡಿಸೆಂಬರ್ 17ರಂದು ರಾಣಿಯನ್ನು ವೆಸ್ಟ್‌ಮಿನ್‌ಸ್ಟರಿನಲ್ಲಿ ಮಣ್ಣು ಮಾಡಿದರು.

ನಕ್ಷೆ ಇಟ್ಟುಕೊಂಡು ನೋಡಿದರೆ ದಾರಿ ನೇರವಾಗಿಲ್ಲ ಎಂದು ಕಾಣುತ್ತದೆ. ರಾಜಪರಿವಾರ ತಂಗಲು ಮಠವೋ ಅರಮನೆಯೋ ಬೇಕಲ್ಲ? ಗೆಡಿಂಗ್ಟನ್ನಿನಲ್ಲಿ ರಾಜನ ಬೇಟೆಮನೆ ಇತ್ತು. ಹಾರ್ಡಿಂಗ್‌ಸ್ಟೋನಿನಲ್ಲಿ ಡೆಲಪ್ರೆ ಎಂಬ ಸನ್ಯಾಸಿನಿಯರ ಮಠ ಇತ್ತು. ಹೆಣ ಅಲ್ಲಿಯೇ ರಾತ್ರಿ ಕಳೆಯಿತು.

ರಾಣಿಗೆ ಮೂರು ಸಮಾಧಿ ಅಂತಾರೆ. ನಿಜವೇ?

ನಿಜ. ಹೆಣ ಕೆಡದಿರಲಿ ಎಂದು ಲಿಂಕನ್ನಿನಲ್ಲಿ ಒಳಗಿನ ಅಂಗಗಳನ್ನು ತೆಗೆದರು. ಅವನ್ನು ಅಲ್ಲಿನ ಕೆಥೀಡ್ರಲಿನಲ್ಲಿ ಹೂಳಿದರು. ಹೃದಯ ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ಮಠಕ್ಕೆ ಹೋಯಿತು. ದೇಹ ವೆಸ್ಟ್‌ಮಿನ್‌ಸ್ಟರಿಗೆ. ಅಲ್ಲಿ ವಿಲಿಯಂ ಟೊರೆಲ್ ಎಂಬ ಅಕ್ಕಸಾಲಿ ಎರಕ ಹೊಯ್ದ ಚಿನ್ನದ ಲೇಪದ ಕಂಚಿನ ಪ್ರತಿಮೆ ಇವತ್ತಿಗೂ ಇದೆ.

ಶಿಲುಬೆ ಅಂತೀರಿ. ಫೋಟೋದಲ್ಲಿ ಗೋಪುರದ ಹಾಗೆ ಕಾಣುತ್ತಲ್ಲ?

ಇದು ಎಲ್ಲರಿಗೂ ಆಗುವ ಗೊಂದಲ. ಮಂಗಳೂರು ಕಡೆಯೋ ಗೋವಾದಲ್ಲೋ ರಸ್ತೆಬದಿಯ ಶಿಲುಬೆ ನೋಡಿದವರ ಕಣ್ಣಿಗೆ ಇದು ಶಿಲುಬೆ ಅನ್ನಿಸುವುದೇ ಇಲ್ಲ. ಇವು ಅಂತಸ್ತು ಅಂತಸ್ತಾಗಿ ಮೇಲೇಳುತ್ತಾ ಸಪೂರವಾಗುವ ಕಲ್ಲಿನ ರಚನೆಗಳು. ತುತ್ತತುದಿಯಲ್ಲಿ ಮಾತ್ರ ಒಂದು ಶಿಲುಬೆ. ದೇವಸ್ಥಾನದ ಶಿಖರದ ಮೇಲೆ ಕಳಶ ಇರುತ್ತದಲ್ಲ, ಹಾಗೆ. ಆ ತುದಿಯೇ ಮೊದಲು ಬಿದ್ದುಹೋಗುವುದು. ಹಾಗಾಗಿ ಹೆಸರು ಉಳಿಯಿತು, ಶಿಲುಬೆ ಹೋಯಿತು.

ಕೆಳಗೆ ಮೆಟ್ಟಿಲು. ಅದರ ಮೇಲಿನ ಅಂತಸ್ತಿನಲ್ಲಿ ರಾಜಮನೆತನದ ಗುರಾಣಿಗಳ ಕೆತ್ತನೆ. ಇಂಗ್ಲೆಂಡಿನ ಮೂರು ಸಿಂಹ ಒಂದರಲ್ಲಿ. ಕ್ಯಾಸ್ಟೀಲಿನ ಕೋಟೆ ಮತ್ತು ಲಿಯೋನಿನ ಸಿಂಹ ಇನ್ನೊಂದರಲ್ಲಿ. ಮತ್ತೊಂದರಲ್ಲಿ ಅವಳ ತಾಯಿಯ ಕಡೆಯಿಂದ ಬಂದ ಪೊಂತ್ಯೂ ಸೀಮೆಯ ಓರೆ ಪಟ್ಟಿಗಳು. ಇನ್ನೂ ಮೇಲೆ, ಗೂಡುಗಳಲ್ಲಿ ನಿಂತ ರಾಣಿಯ ಪ್ರತಿಮೆಗಳು. ಹಾರ್ಡಿಂಗ್‌ಸ್ಟೋನಿನದು ಎಂಟು ಮೂಲೆಯದು, ವಾಲ್ಥಮಿನದು ಆರು, ಗೆಡಿಂಗ್ಟನ್ನಿನದು ಮೂರೇ. ಒಂದನ್ನು ನೋಡಿದರೆ ಎಲ್ಲ ನೋಡಿದ ಹಾಗಲ್ಲ.

ಹಾರ್ಡಿಂಗ್‌ಸ್ಟೋನಿನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿವರ ಇದೆ. ಕೆಳ ಅಂತಸ್ತಿನಲ್ಲಿ ತೆರೆದಿಟ್ಟ ಪುಸ್ತಕಗಳನ್ನು ಕೆತ್ತಿದ್ದಾರೆ. ಹಾಳೆಗಳು ಖಾಲಿ. ಒಂದು ಕಾಲದಲ್ಲಿ ಅವುಗಳ ಮೇಲೆ ಬಣ್ಣದಲ್ಲಿ ಅಕ್ಷರ ಬರೆದಿದ್ದಿರಬೇಕು. ರಾಣಿಗಾಗಿ ಹೇಳಬೇಕಾದ ಪ್ರಾರ್ಥನೆ ಇದ್ದಿರಬಹುದು. ಬಣ್ಣ ಮಳೆಗೆ ತೊಳೆದುಹೋಗಿದೆ, ಪುಸ್ತಕ ತೆರೆದೇ ಇದೆ.

ಕೆತ್ತಿದವರು ಯಾರು? ಎಷ್ಟು ಖರ್ಚಾಯಿತು?

ನಮ್ಮ ಅದೃಷ್ಟ, ರಾಣಿಯ ಆಸ್ತಿ ನೋಡಿಕೊಂಡವರು ಬರೆದಿಟ್ಟ ಲೆಕ್ಕದ ಪತ್ರಗಳು ಉಳಿದಿವೆ. ಅದರಿಂದ ಕೂಲಿಕಾರರ ಹೆಸರೂ ಗೊತ್ತು. ಹಾರ್ಡಿಂಗ್‌ಸ್ಟೋನಿನದನ್ನು ಕಟ್ಟಿದವನು ಬ್ಯಾಟಲ್ ಊರಿನ ಜಾನ್. ಅಲ್ಲಿನ ರಾಣಿಯ ಪ್ರತಿಮೆಗಳನ್ನು ಕಡೆದವನು ಐರ್ಲೆಂಡಿನ ವಿಲಿಯಂ. ಒಂದು ಪ್ರತಿಮೆಗೆ ಅವನಿಗೆ ಸಿಕ್ಕಿದ್ದು 5 ಮಾರ್ಕ್, ಅಂದರೆ 3 ಪೌಂಡ್ 6 ಶಿಲಿಂಗ್ 8 ಪೆನ್ಸ್. ವಾಲ್ಥಮಿನ ಪ್ರತಿಮೆಗಳು ಅಬಿಂಗ್ಡನ್ನಿನ ಅಲೆಕ್ಸಾಂಡರ್ ಕೈಯವು. ಎಲ್ಲಕ್ಕಿಂತ ದುಬಾರಿಯಾದದ್ದು ಚಾರಿಂಗಿನದು. ಅದಕ್ಕೆ 700 ಪೌಂಡಿಗೂ ಜಾಸ್ತಿ ಹಿಡಿಯಿತು. ಅದಕ್ಕೆ ಬಳಸಿದ್ದು ನುಣುಪಾಗಿ ಹೊಳೆಯುವ ಪರ್ಬೆಕ್ ಕಲ್ಲು.

ಏಳು ನೂರು ವರ್ಷದ ಹಿಂದಿನ ಕಲ್ಲುಕುಟಿಗನ ಹೆಸರು, ಅವನ ಕೂಲಿಯ ಸಮೇತ ಗೊತ್ತಿರುವುದು ಸಣ್ಣ ಮಾತಲ್ಲ.

ರಾಜನಿಗೆ ನಿಜವಾಗಿ ಅಷ್ಟು ಪ್ರೀತಿ ಇತ್ತಾ? ಅಥವಾ ಇದೆಲ್ಲ ದೊಡ್ಡಸ್ತಿಕೆಯಾ?

ಎರಡೂ ಇತ್ತು. ಆದರೆ ಪ್ರೀತಿ ಸುಳ್ಳಲ್ಲ. 1291ರ ಜನವರಿಯಲ್ಲಿ ಎಡ್ವರ್ಡ್ ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥನಿಗೆ ಒಂದು ಪತ್ರ ಬರೆದ. ಬದುಕಿದ್ದಾಗ ಅವಳನ್ನು ಅಕ್ಕರೆಯಿಂದ ಪ್ರೀತಿಸಿದೆವು, ಸತ್ತ ಮೇಲೂ ಪ್ರೀತಿಸುವುದನ್ನು ಬಿಡಲಾಗುತ್ತಿಲ್ಲ ಎಂದು ಅದರಲ್ಲಿದೆ. ಅವಳಿಗಾಗಿ ಪ್ರಾರ್ಥನೆ ಮಾಡಿ ಎಂದು ಕೇಳಿಕೊಳ್ಳಲು ಬರೆದ ಪತ್ರ ಅದು. ಅವನು ಮತ್ತೆ ಮದುವೆಯಾದದ್ದು 1299ರಲ್ಲಿ. ಎರಡನೇ ಹೆಂಡತಿಗೆ ಹುಟ್ಟಿದ ಮಗಳಿಗೂ ಎಲಿನಾರ್ ಎಂದೇ ಹೆಸರಿಟ್ಟ.

ಇದರ ಜೊತೆಗೆ ಇನ್ನೊಂದು ಮಾತೂ ಹೇಳಬೇಕು. ಎಲಿನಾರ್ ಬದುಕಿದ್ದಾಗ ಜನರ ಕಣ್ಮಣಿ ಆಗಿರಲಿಲ್ಲ. ಜಮೀನು ಕೂಡಿಹಾಕುವುದರಲ್ಲಿ ಬಿರುಸು. ಯಹೂದಿ ಲೇವಾದೇವಿಗಾರರ ಹತ್ತಿರ ಸಾಲ ಮಾಡಿ ತೀರಿಸಲಾಗದ ಭೂಮಾಲೀಕರ ಸಾಲಪತ್ರಗಳು ಅವಳ ಕೈ ಸೇರುತ್ತಿದ್ದವು. ಅದರಿಂದ ಅವರ ಜಮೀನು ಅವಳಿಗಾಗುತ್ತಿತ್ತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಾನ್ ಪೆಕಮ್ ಇದರ ಬಗ್ಗೆ ಬರೆದು ಎಚ್ಚರಿಸಿದ್ದರು. ಅವಳು ಸತ್ತ ವರ್ಷವೇ, 1290ರಲ್ಲಿ, ಎಡ್ವರ್ಡ್ ಇಂಗ್ಲೆಂಡಿನ ಯಹೂದಿಗಳನ್ನೆಲ್ಲ ದೇಶ ಬಿಟ್ಟು ಓಡಿಸಿದ. ಶಿಲುಬೆಯ ಮೇಲಿನ ಆ ಶಾಂತವಾದ ಮುಖ ನೋಡುವಾಗ ಇದನ್ನೂ ನೆನಪಿಡಬೇಕು ಎಂದು ನನಗೆ ಅನ್ನಿಸುತ್ತದೆ.

ಉಳಿದ ಒಂಬತ್ತು ಎಲ್ಲಿ ಹೋದವು?

ಬಹುಪಾಲು 17ನೇ ಶತಮಾನದಲ್ಲಿ ಹೋದವು. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿದ್ದ ಕಾಲ ಅದು. ಪ್ಯೂರಿಟನ್ ಪಂಥದವರಿಗೆ ಶಿಲುಬೆ, ಪ್ರತಿಮೆ ಎಂದರೆ ವಿಗ್ರಹಾರಾಧನೆ. ಚೀಪ್‌ಸೈಡಿನ ಶಿಲುಬೆಯನ್ನು 1643ರ ಮೇ 2ರಂದು ಜನ ಸೇರಿದ್ದಾಗಲೇ ಕೆಡವಿದರು. ಚಾರಿಂಗಿನದು 1647ರಲ್ಲಿ ಹೋಯಿತು. ಎಲ್ಲದಕ್ಕೂ ಧರ್ಮವೇ ಕಾರಣ ಅಲ್ಲ. ಸೇಂಟ್ ಆಲ್ಬನ್ಸಿನಲ್ಲಿ ಹಾಳುಬಿದ್ದಿದ್ದನ್ನು 18ನೇ ಶತಮಾನದ ಮೊದಲಲ್ಲಿ ತೆಗೆದು, ಅಲ್ಲಿ ಮಾರುಕಟ್ಟೆಗೆ ಚಾವಡಿ ಕಟ್ಟಿಕೊಂಡರು.

ಚೂರುಗಳು ಅಲ್ಲಲ್ಲಿ ಸಿಕ್ಕಿವೆ. ಲಿಂಕನ್ ಕೋಟೆಯೊಳಗೆ ಒಂದು ತುಂಡು ಇದೆ. ಚೀಪ್‌ಸೈಡಿನ ಗುರಾಣಿ ಕೆತ್ತನೆಯ ತುಂಡುಗಳು ಲಂಡನ್ನಿನ ಮ್ಯೂಸಿಯಂ ಸೇರಿವೆ. ಸ್ಟ್ಯಾಮ್‌ಫರ್ಡಿನಲ್ಲಿ ಕಲ್ಲಿನ ಒಂದು ಗುಲಾಬಿ ಹೂವು ಉಳಿದಿದೆ.

ನಾರ್ಥಾಂಪ್ಟನ್ನಿನ (ಅಂದರೆ ಹಾರ್ಡಿಂಗ್‌ಸ್ಟೋನಿನ) ಶಿಲುಬೆಗೆ ತಲೆಯೇ ಇಲ್ಲವಲ್ಲ. ಯಾವಾಗ ಬಿತ್ತು?

ತುಂಬಾ ಹಿಂದೆ. 1460ರ ಜುಲೈ 10ರಂದು ಪಕ್ಕದ ಹೊಲದಲ್ಲೇ ನಾರ್ಥಾಂಪ್ಟನ್ ಕದನ ನಡೆಯಿತು. ಆಗಿನ ಬರಹವೊಂದು ಇದನ್ನು ‘ತಲೆಯಿಲ್ಲದ ಶಿಲುಬೆ’ ಎಂದೇ ಕರೆದಿದೆ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಇದರ ಬಳಿ ನಿಂತು ಯುದ್ಧ ನೋಡಿದರಂತೆ. ಅಂದರೆ ಕಟ್ಟಿ ಇನ್ನೂರು ವರ್ಷ ತುಂಬುವ ಮೊದಲೇ ತುದಿ ಹೋಗಿತ್ತು.

ಇದರ ಮುಂದಿನ ಕಥೆ ದುರಸ್ತಿಯ ಪಾಠವೇ ಸರಿ. 1713ರಲ್ಲಿ ಜಿಲ್ಲೆಯ ನ್ಯಾಯಾಧೀಶರು ಸೇರಿ ಇದನ್ನು ರಿಪೇರಿ ಮಾಡಿಸಿದರು. ಒಳ್ಳೆಯ ಕೆಲಸವೇ. ಆದರೆ ಸುಮ್ನೆ ಕಲ್ಲು ಗಟ್ಟಿ ಮಾಡಿ ಬಿಡಲಿಲ್ಲ. ಮೇಲೆ ಮಾಲ್ಟೀಸ್ ಶಿಲುಬೆಯೊಂದನ್ನು ಕೂರಿಸಿದರು. ಸುತ್ತ ನೆರಳಿನ ಗಡಿಯಾರ ಹಾಕಿದರು. ಆಗಿನ ರಾಣಿ ಆ್ಯನ್ ಅವರ ಲಾಂಛನವನ್ನೂ ಹೊಗಳಿಕೆಯ ಶಾಸನವನ್ನೂ ಸೇರಿಸಿದರು. ಹೀಗೆ ಒಬ್ಬ ರಾಣಿಯ ನೆನಪಿನ ಕಲ್ಲು ಇನ್ನೊಬ್ಬ ರಾಣಿಯ ಪ್ರಚಾರದ ಕಲ್ಲೂ ಆಯಿತು.

1840ರಲ್ಲಿ ಎಡ್ವರ್ಡ್ ಬ್ಲೋರ್ ಎಂಬ ವಾಸ್ತುಶಿಲ್ಪಿ ಬಂದರು. ಅವರು 1713ರ ಸೇರ್ಪಡೆಗಳಲ್ಲಿ ಹಲವನ್ನು ತೆಗೆದರು. ಮಾಲ್ಟೀಸ್ ಶಿಲುಬೆಯನ್ನೂ ಇಳಿಸಿದರು. ಅದರ ಜಾಗದಲ್ಲಿ ಏನಿಟ್ಟರು ಗೊತ್ತಾ? ಒಂದು ಮುರಿದ ಕಂಬ. ಅಂದರೆ ಮುರಿದ ಹಾಗೆ ಕಾಣುವಂತೆ ಹೊಸದಾಗಿ ಕಡೆದ ಕಂಬ. ಇವತ್ತು ನೀವು ನೋಡುವ ‘ಮುರಿದ ತುದಿ’ ಆ ಕಾಲದ ಯೋಚನೆ.

ಮೊದಲು ಓದಿದಾಗ ನನಗೆ ಇದು ವಿಚಿತ್ರ ಅನ್ನಿಸಿತ್ತು. ಮುರಿದದ್ದನ್ನು ಯಾಕಪ್ಪಾ ಹೊಸದಾಗಿ ಮಾಡುವುದು? ಯೋಚಿಸಿದ ಮೇಲೆ ಬ್ಲೋರ್ ಮಾಡಿದ್ದು ಸರಿ ಎನ್ನಿಸುತ್ತಿದೆ. ಮೂಲದ ತುದಿ ಹೇಗಿತ್ತು ಎನ್ನುವುದಕ್ಕೆ ಆಧಾರ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಕಡೆದು ನಿಲ್ಲಿಸುವುದಕ್ಕಿಂತ, ಇಲ್ಲಿ ಏನೋ ಒಂದು ಇತ್ತು, ಈಗ ಇಲ್ಲ ಎಂದು ತೋರಿಸುವುದು ಮೇಲು.

ಆಮೇಲೂ 1880ರ ದಶಕದಲ್ಲಿ, 1980ರ ದಶಕದಲ್ಲಿ ಕೆಲಸ ನಡೆಯಿತು. ಇತ್ತೀಚಿನದು 2019ರದ್ದು. ಅದಕ್ಕೆ ಮುಂಚೆ ಕಲ್ಲಿನ ಸ್ಥಿತಿ ನೋಡಿ ಊರಿನ ಇತಿಹಾಸಪ್ರಿಯರು ವರ್ಷಗಟ್ಟಲೆ ಒತ್ತಾಯ ಮಾಡಿದ್ದರು. ಆ ಒತ್ತಾಯ ಇಲ್ಲದಿದ್ದರೆ ಇನ್ನೂ ಕಾಯಬೇಕಾಗುತ್ತಿತ್ತೋ ಏನೋ.

ಕಲ್ಲಿಗೂ ವಯಸ್ಸಾಗುತ್ತಾ? ನಮ್ಮ ದೇವಸ್ಥಾನಗಳು ಸಾವಿರ ವರ್ಷ ನಿಂತಿಲ್ವಾ?

ಬಯಲುಸೀಮೆಯವರಿಗೆ ಕಲ್ಲು ಎಂದರೆ ಗ್ರಾನೈಟು. ಅದು ಬೆಂಕಿಯಲ್ಲಿ ಬೆಂದು ಹುಟ್ಟಿದ ಕಲ್ಲು. ಸುಲಭಕ್ಕೆ ಜಗ್ಗುವುದಿಲ್ಲ. ಇಂಗ್ಲೆಂಡಿನ ಈ ಶಿಲುಬೆಗಳದು ಹೆಚ್ಚಾಗಿ ಸುಣ್ಣಕಲ್ಲು. ಸಮುದ್ರದ ಚಿಪ್ಪು, ಕೆಸರು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲು ಅದು. ಕುಸುರಿ ಕೆತ್ತನೆಗೆ ಬಹಳ ಚೆನ್ನ. ಆದರೆ ಒಳಗೆ ಸಣ್ಣ ಸಣ್ಣ ರಂಧ್ರ. ನೀರು ಕುಡಿಯುತ್ತದೆ.

ನೀರು ಕುಡಿದ ಕಲ್ಲಿಗೆ ಮೊದಲ ಶತ್ರು ಚಳಿ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿ, ಮತ್ತೆ ಹೆಪ್ಪುಗಟ್ಟಿ ಕರಗಿ, ಚಕ್ಕೆ ಚಕ್ಕೆಯಾಗಿ ಕಲ್ಲು ಉದುರುತ್ತದೆ. ಒಂದು ಚಳಿಗಾಲದಲ್ಲಿ ಗೊತ್ತಾಗುವುದಿಲ್ಲ. ಏಳು ನೂರು ಚಳಿಗಾಲ ಸೇರಿಸಿ ನೋಡಿ.

ಎರಡನೆಯದು ಹೊಗೆ. ಕಲ್ಲಿದ್ದಲು ಸುಟ್ಟಾಗ ಗಂಧಕದ ಅನಿಲ ಬರುತ್ತದೆ. ಅದು ಮಳೆನೀರಿನ ಜೊತೆ ಸೇರಿ ಸುಣ್ಣಕಲ್ಲಿನ ಮೈಯನ್ನು ಜಿಪ್ಸಮ್ ಮಾಡಿಬಿಡುತ್ತದೆ. ಮಳೆ ಬೀಳುವ ಕಡೆ ಜಿಪ್ಸಮ್ ತೊಳೆದುಹೋಗಿ ಕೆತ್ತನೆ ಸವೆಯುತ್ತದೆ. ಮಳೆ ತಾಗದ ಸಂದಿಯಲ್ಲಿ ಮಸಿ ಸೇರಿಕೊಂಡು ಕಪ್ಪು ಹೊಪ್ಪಳೆಯ ಹಾಗೆ ಕೂರುತ್ತದೆ. ಒಂದು ದಿನ ಆ ಹೊಪ್ಪಳೆ ಕಲ್ಲನ್ನೂ ಕಿತ್ತುಕೊಂಡು ಬೀಳುತ್ತದೆ. ಹಾರ್ಡಿಂಗ್‌ಸ್ಟೋನಿನ ಶಿಲುಬೆ ಲಂಡನ್ ರಸ್ತೆಯ ಅಂಚಿನಲ್ಲೇ ಇದೆ. ವಾಹನಗಳ ಹೊಗೆ, ಧೂಳು, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು, ಇವೆಲ್ಲ ಇಂಥ ಕಲ್ಲಿಗೆ ಒಳ್ಳೆಯದಲ್ಲ.

ಮೂರನೆಯದು ಜನರಿಗೆ ಕಾಣದ ಶತ್ರು, ಕಬ್ಬಿಣ. ಹಿಂದಿನವರು ಎರಡು ಕಲ್ಲನ್ನು ಹಿಡಿದಿಡಲು ಒಳಗೆ ಕಬ್ಬಿಣದ ಕೊಂಡಿ ಹಾಕುತ್ತಿದ್ದರು. ನೀರು ತಾಗಿದರೆ ಅದಕ್ಕೆ ತುಕ್ಕು. ತುಕ್ಕು ಹಿಡಿದ ಕಬ್ಬಿಣ ಹಲವು ಪಟ್ಟು ಊದುತ್ತದೆ. ಹಿಡಿದಿಡಬೇಕಾದ ಕೊಂಡಿಯೇ ಕಲ್ಲನ್ನು ಸೀಳುತ್ತದೆ.

ಆಮೇಲೆ ಪಾಚಿ, ಸಂದಿಯಲ್ಲಿ ಮೊಳೆತ ಗಿಡ. ನಮ್ಮಲ್ಲಿ ಗೋಪುರದ ಸಂದಿಯಲ್ಲಿ ಅರಳಿ ಗಿಡ ಹುಟ್ಟುತ್ತದಲ್ಲ, ಅದೇ ಕಥೆ.

ಸಿಮೆಂಟ್ ಹಾಕಿ ಗಟ್ಟಿ ಮಾಡಿಬಿಟ್ಟರೆ ಮುಗಿಯಿತಲ್ವಾ?

ಇಲ್ಲ. ಇದು ಎಷ್ಟು ಒಳ್ಳೆಯ ಮನಸ್ಸಿನಿಂದ ಮಾಡಿದರೂ ತಪ್ಪೇ.

ಹಳೆಯ ಕಟ್ಟಡದಲ್ಲಿ ಕಲ್ಲಿನ ನಡುವೆ ಇರುವುದು ಸುಣ್ಣದ ಗಾರೆ. ನಮ್ಮ ಅಜ್ಜನ ಕಾಲದ ಮನೆಗಳಲ್ಲೂ ಅದೇ ಇತ್ತು. ಗಾರೆ ಕಲ್ಲಿಗಿಂತ ಮೆದು. ಅದು ಉಸಿರಾಡುತ್ತದೆ. ಕಲ್ಲು ಕುಡಿದ ನೀರು ಗಾರೆಯ ಸಂದಿನಿಂದ ಆವಿಯಾಗಿ ಹೊರಗೆ ಹೋಗುತ್ತದೆ. ಕಲ್ಲು ಸ್ವಲ್ಪ ಅಲುಗಿದರೆ ಗಾರೆ ಬಿರುಕು ಬಿಡುತ್ತದೆ, ಕಲ್ಲು ಉಳಿಯುತ್ತದೆ. ಸವೆದರೆ ಗಾರೆ ಸವೆಯುತ್ತದೆ. ಮತ್ತೆ ತುಂಬಿದರೆ ಆಯಿತು. ಗಾರೆ ಇರುವುದೇ ಕಲ್ಲಿಗಾಗಿ ಸಾಯಲಿಕ್ಕೆ.

ಸಿಮೆಂಟ್ ಹಾಗಲ್ಲ. ಅದು ಮೆದು ಸುಣ್ಣಕಲ್ಲಿಗಿಂತ ಗಟ್ಟಿ. ನೀರನ್ನು ಹೊರಗೆ ಬಿಡುವುದಿಲ್ಲ. ಒಳಗೆ ಸಿಕ್ಕಿಬಿದ್ದ ನೀರು ಕಲ್ಲಿನ ಮೈಯಿಂದಲೇ ದಾರಿ ಮಾಡಿಕೊಂಡು ಬರುತ್ತದೆ. ಬರುವಾಗ ಉಪ್ಪು ತರುತ್ತದೆ. ಉಪ್ಪು ಹರಳುಗಟ್ಟಿ ಕಲ್ಲನ್ನು ಪುಡಿ ಮಾಡುತ್ತದೆ. ಕೆಲವು ವರ್ಷ ಬಿಟ್ಟು ಹೋಗಿ ನೋಡಿದರೆ ಸಿಮೆಂಟಿನ ಗೆರೆ ನೆಟ್ಟಗೆ ನಿಂತಿರುತ್ತದೆ, ಸುತ್ತಲಿನ ಕಲ್ಲು ತಿಂದುಹೋಗಿರುತ್ತದೆ. ನಮ್ಮೂರುಗಳ ಹಳೇ ಕಲ್ಲುಕಟ್ಟಡಗಳಿಗೆ ಸಿಮೆಂಟ್ ಮೆತ್ತುವುದನ್ನು ಕಂಡಾಗೆಲ್ಲ ಹೊಟ್ಟೆ ಚುರುಕ್ ಅನ್ನುತ್ತದೆ.

ಹಾಗಾದರೆ ಸರಿಯಾದ ದುರಸ್ತಿ ಹೇಗೆ ಮಾಡುತ್ತಾರೆ?

ಮೊದಲ ಕೆಲಸ ನೋಡುವುದು. ಸುತ್ತ ಅಟ್ಟಣಿಗೆ ಕಟ್ಟಿ ಒಂದೊಂದು ಕಲ್ಲನ್ನೂ ಹತ್ತಿರದಿಂದ ಪರೀಕ್ಷೆ ಮಾಡುತ್ತಾರೆ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಟೊಳ್ಳಾದ ಕಲ್ಲಿನ ಸದ್ದೇ ಬೇರೆ. ಫೋಟೋ ತೆಗೆದು, ಅಳತೆ ಮಾಡಿ, ಯಾವ ಕಲ್ಲು ಯಾವ ಕಾಲದ್ದು ಎಂದು ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಈಗ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿಯನ್ನೂ ಮಾಡಿಟ್ಟುಕೊಳ್ಳಬಹುದು. ಈ ನೋಡುವ ಕೆಲಸಕ್ಕೆ ಹಿಡಿಯುವ ಸಮಯ ಕಂಡು ಜನ ಗೊಣಗುವುದುಂಟು. ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಊಹೆ.

ಆಮೇಲೆ ಗಿಡ, ಪಾಚಿ ತೆಗೆಯುವುದು. ಕಪ್ಪು ಹೊಪ್ಪಳೆಯನ್ನು ಉಗಿಯಿಂದಲೋ, ಔಷಧದ ಲೇಪ ಹಚ್ಚಿಯೋ, ಕೆಲವು ಕಡೆ ಲೇಸರಿನಿಂದಲೋ ತೆಗೆಯುತ್ತಾರೆ. ಕಲ್ಲನ್ನು ಹೊಸದರಂತೆ ಹೊಳೆಯಿಸುವುದು ಗುರಿಯಲ್ಲ. ಹಾನಿ ಮಾಡುವುದು ಹೋದರೆ ಸಾಕು. ಹಿಂದೆ ಹಾಕಿದ ಸಿಮೆಂಟನ್ನು ಉಳಿಯಿಂದ ನಿಧಾನವಾಗಿ ಬಿಡಿಸಿ ಸುಣ್ಣದ ಗಾರೆ ತುಂಬುತ್ತಾರೆ. ತುಕ್ಕು ಹಿಡಿದ ಕಬ್ಬಿಣದ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಸರಳು ಕೂರಿಸುತ್ತಾರೆ. ನೀರು ನಿಲ್ಲುವ ಮೇಲ್ಮೈಗೆ ಸೀಸದ ತಗಡು ಹೊದಿಸುವುದುಂಟು. ಉದುರುತ್ತಿರುವ ಅಂಚಿಗೆ ಸುಣ್ಣ ಮತ್ತು ಕಲ್ಲಿನ ಪುಡಿ ಕಲಸಿ ಆಸರೆ ಕೊಡುತ್ತಾರೆ. ಕಲ್ಲು ಪೂರ್ತಿ ಸತ್ತುಹೋಗಿದ್ದರೆ ಮಾತ್ರ ಹೊಸ ಕಲ್ಲು. ಅದೂ ಅದೇ ಜಾತಿಯ ಕಲ್ಲು, ಪದರ ಮಲಗಿದ ದಿಕ್ಕು ನೋಡಿಯೇ ಇಡಬೇಕು. ಪದರ ನಿಂತ ಹಾಗೆ ಇಟ್ಟರೆ ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ.

ಸುಣ್ಣದ ಗಾರೆಗೆ ಹಿಮ ಬೀಳುವ ಕಾಲ ಆಗುವುದಿಲ್ಲ. ಹಸಿ ಗಾರೆ ಹೆಪ್ಪುಗಟ್ಟಿದರೆ ಪುಡಿಯಾಗುತ್ತದೆ. ಅದಕ್ಕೇ ಇಂಥ ಕೆಲಸ ಬೇಸಿಗೆಯಲ್ಲಿ.

ವಾಲ್ಥಮ್ ಮತ್ತು ಗೆಡಿಂಗ್ಟನ್ನಿನಲ್ಲೂ ಇದೇ ದಾರಿ ಹಿಡಿದರಾ?

ಇಲ್ಲ, ಮೂರು ಶಿಲುಬೆಗೂ ಮೂರು ಹಣೆಬರಹ. ಅದೇ ಇವುಗಳನ್ನು ಒಟ್ಟಿಗೆ ನೋಡುವುದರ ಸೊಗಸು.

ವಾಲ್ಥಮಿನದು ಊರಿನ ನಟ್ಟನಡುವೆ. ಗಾಡಿಗಳು ಉಜ್ಜಿಕೊಂಡು ಹೋಗುತ್ತಿದ್ದ ಕಾಲದಲ್ಲಿ ವಿಲಿಯಂ ಸ್ಟ್ಯೂಕ್ಲಿ ಎಂಬ, ಹಳೆಯ ಸ್ಮಾರಕಗಳ ಹುಚ್ಚು ಹತ್ತಿದ್ದ ವಿದ್ವಾಂಸರು ಇದಕ್ಕಾಗಿ ಓಡಾಡಿದರು. 1721ರಲ್ಲಿ ಸುತ್ತ ಓಕ್ ಮರದ ಗೂಟ ನೆಡಿಸಿದರು. ಗೂಟಗಳು ಹೋದ ಮೇಲೆ 1757ರಲ್ಲಿ ಬುಡಕ್ಕೆ ಇಟ್ಟಿಗೆಯ ಕಟ್ಟೆ ಕಟ್ಟಿಸಿದರು. ದೊಡ್ಡ ವಿದ್ಯೆಯೇನೂ ಅಲ್ಲ. ಗಾಡಿಯ ಚಕ್ರ ತಾಗದ ಹಾಗೆ ನೋಡಿಕೊಂಡರು, ಅಷ್ಟೇ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಇದಕ್ಕಿಂತ ಜಾಣ ದುರಸ್ತಿ ಇನ್ನೊಂದಿಲ್ಲ.

19ನೇ ಶತಮಾನದಲ್ಲಿ ವಾಲ್ಥಮಿಗೆ ಭಾರೀ ಕೈಚಳಕ ನಡೆಯಿತು. 1832ರಿಂದ 34ರವರೆಗೆ ಒಮ್ಮೆ, 1880ರ ದಶಕದಿಂದ 1892ರವರೆಗೆ ಇನ್ನೊಮ್ಮೆ. ಮೇಲಿನ ಭಾಗವನ್ನು ಬಹುಪಾಲು ಹೊಸದಾಗಿ ಕಟ್ಟಿ, ತುದಿಗೆ ಶಿಲುಬೆಯನ್ನೂ ಇಟ್ಟರು. ಹಾಗಾಗಿ ನೋಡಲು ಮೂರರಲ್ಲಿ ಇದೇ ‘ಪೂರ್ತಿ’. ಆದರೆ ಅದರಲ್ಲಿ ಎಡ್ವರ್ಡನ ಕಾಲದ ಕಲ್ಲು ಎಷ್ಟು, ವಿಕ್ಟೋರಿಯಾ ಕಾಲದ್ದು ಎಷ್ಟು ಎಂದು ಹುಡುಕಿ ನೋಡಬೇಕು. 1950ರ ದಶಕದಲ್ಲಿ ಅಲೆಕ್ಸಾಂಡರ್ ಕಡೆದ ಮೂಲ ಪ್ರತಿಮೆಗಳನ್ನು ಇಳಿಸಿ ನಕಲು ಇಟ್ಟರು. ಮೂಲದವು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನ ಆಶ್ರಯದಲ್ಲಿವೆ. ದಾರಿಯಲ್ಲಿ ನಿಲ್ಲಬೇಕೆಂದು ಕಡೆದವನ್ನು ಒಳಗಿಡುವುದು ಸರಿಯೇ ಎಂದು ಕೇಳಬಹುದು. ಸರಿಯೇ. ಮುಖವೇ ಅಳಿಸಿಹೋದ ಮೇಲೆ ದಾರಿಯಲ್ಲಿ ನಿಂತು ಏನು ಪ್ರಯೋಜನ?

ಗೆಡಿಂಗ್ಟನ್ನಿನದು ಬೇರೆಯೇ ಅದೃಷ್ಟ. ಅದೊಂದು ಸಣ್ಣ ಹಳ್ಳಿ. ಮುಖ್ಯ ರಸ್ತೆಯ ಗದ್ದಲ ಇಲ್ಲ. ಮೂರು ದಾರಿ ಕೂಡುವಲ್ಲಿ ಮೂರು ಮೂಲೆಯ ಶಿಲುಬೆ ತಣ್ಣಗೆ ನಿಂತಿದೆ. ಎತ್ತರ ಸುಮಾರು 40 ಅಡಿ. ಮೈತುಂಬ ಹೂಬಳ್ಳಿಯ ನೇಯ್ಗೆಯಂಥ ಕೆತ್ತನೆ. ಮೇಲೆ ಮೂರು ಗೂಡಿನಲ್ಲಿ ಮೂರು ರಾಣಿ. ತುದಿ ಇಲ್ಲ. ಮೂರರಲ್ಲಿ ಅತಿ ಕಡಿಮೆ ಕೈ ತಾಗಿರುವುದು ಇದಕ್ಕೇ. ಅತಿ ಚೆನ್ನಾಗಿ ಉಳಿದಿರುವುದೂ ಇದೇ.

ಹಳೆಯ ರೂಪಕ್ಕೆ ತರಲು ಯಾಕೆ ಹಿಂಜರಿಯುತ್ತಾರೆ? ದುಡ್ಡಿಲ್ವಾ?

ದುಡ್ಡಿನ ಮಾತಲ್ಲ. ‘ಹಳೆಯ ರೂಪ’ ಎಂದರೆ ಯಾವುದು ಎನ್ನುವುದೇ ಪ್ರಶ್ನೆ. 1294ರದ್ದಾ? 1460ರಲ್ಲಿ ತಲೆ ಇಲ್ಲದೆ ನಿಂತದ್ದಾ? ನೆರಳಿನ ಗಡಿಯಾರ ಹೊತ್ತಿದ್ದ 1713ರದ್ದಾ?

19ನೇ ಶತಮಾನದಲ್ಲಿ ಇಂಗ್ಲೆಂಡಿನ ಹಳೆಯ ಚರ್ಚುಗಳನ್ನೆಲ್ಲ ಕೆರೆದು, ಬದಲಿಸಿ, ‘ಮೂಲಕ್ಕೆ’ ತರುವ ಹುಮ್ಮಸ್ಸು ಎದ್ದಿತ್ತು. ಇದರಿಂದ ನೊಂದ ವಿಲಿಯಂ ಮಾರಿಸ್ ಮತ್ತು ಅವರ ಗೆಳೆಯರು 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದರು. ಅವರ ಮಾತು ಸರಳ. ರಿಪೇರಿ ಮಾಡಿ, ಹೊಸದು ಮಾಡಬೇಡಿ. ದಿನವೂ ನೋಡಿಕೊಂಡರೆ ದೊಡ್ಡ ರಿಪೇರಿಯೇ ಬೇಕಾಗುವುದಿಲ್ಲ. ಇವತ್ತು ಈ ಕೆಲಸ ಮಾಡುವವರು ಬಹುಪಾಲು ಇದೇ ದಾರಿಯಲ್ಲಿದ್ದಾರೆ. ಮೂರೂ ಶಿಲುಬೆಗಳಿಗೆ ಕಾನೂನಿನ ರಕ್ಷಣೆಯೂ ಇದೆ. ಅನುಮತಿ ಇಲ್ಲದೆ ಯಾರೂ ಉಳಿ ಇಡುವ ಹಾಗಿಲ್ಲ.

ಚಾರಿಂಗ್ ಕ್ರಾಸ್ ಸ್ಟೇಷನ್ ಮುಂದೆ ಇರುವುದು ಅಸಲಿಯಾ?

ಅಲ್ಲ. ಅದನ್ನು 1865ರಲ್ಲಿ ಕಟ್ಟಿದ್ದು. ವಿನ್ಯಾಸ ಎಡ್ವರ್ಡ್ ಬ್ಯಾರಿ ಅವರದು, ಕೆತ್ತನೆ ಥಾಮಸ್ ಅರ್ಪ್ ಅವರದು. ಎತ್ತರ ಸುಮಾರು 70 ಅಡಿ. ಮೂಲದ ನೆನಪಿಗೆ ಕಟ್ಟಿದ್ದೇ ಹೊರತು ಯಥಾವತ್ ನಕಲಲ್ಲ. ಮೂಲ ನಿಂತಿದ್ದ ಜಾಗದಲ್ಲಿ 1675ರಿಂದ ರಾಜ ಒಂದನೇ ಚಾರ್ಲ್ಸ್ ಕುದುರೆಯ ಮೇಲೆ ಕೂತಿದ್ದಾನೆ. ಲಂಡನ್ನಿಗೆ ಇಷ್ಟು ಮೈಲಿ ಎಂದು ಅಳೆಯುವುದು ಆ ಜಾಗದಿಂದಲೇ.

ಈ 1865ರ ಶಿಲುಬೆಯೂ ಶಿಥಿಲವಾಗಿ, ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿ ಸೇರಿತ್ತು. ಹತ್ತು ತಿಂಗಳ ಕೆಲಸ ನಡೆದು 2010ರಲ್ಲಿ ಸರಿಯಾಯಿತು. ಇಲ್ಲಿ ಬಿದ್ದುಹೋದ ಗುರಾಣಿ, ಶಿಖರದ ಮೊಗ್ಗುಗಳನ್ನು ಹೊಸದಾಗಿ ಕಡೆದು ಕೂರಿಸಿದರು. ಅದು ತಪ್ಪಲ್ಲ. ಮೂಲ ಹೇಗಿತ್ತು ಎಂದು ಇಲ್ಲಿ ಗೊತ್ತಿತ್ತು.

‘ಚಾರಿಂಗ್’ ಅಂದರೆ ಫ್ರೆಂಚಿನಲ್ಲಿ ‘ಪ್ರೀತಿಯ ರಾಣಿ’ ಅಂತ ಓದಿದ್ದೆ. ಹೌದಾ?

ಮುದ್ದಾದ ಕಥೆ, ಆದರೆ ನಿಜವಲ್ಲ. ಎಲಿನಾರ್ ಸಾಯುವ ಮೊದಲೇ ಆ ಹಳ್ಳಿಗೆ ಚಾರಿಂಗ್ ಎಂಬ ಹೆಸರಿತ್ತು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ತಿರುವು ಎಂಬ ಅರ್ಥ. ಥೇಮ್ಸ್ ನದಿ ಅಲ್ಲಿ ತಿರುಗುತ್ತದೆ.

ಕಿಂಗ್ಸ್ ಕ್ರಾಸ್ ಕೂಡ ಇದೇ ಸಾಲಿನದ್ದಾ?

ಅಲ್ಲ. ಅದು 1830ರ ದಶಕದಲ್ಲಿ ನಾಲ್ಕನೇ ಜಾರ್ಜ್ ರಾಜನಿಗೆ ಕಟ್ಟಿದ ಸ್ಮಾರಕದಿಂದ ಬಂದ ಹೆಸರು. ಆ ಸ್ಮಾರಕ 1845ರಲ್ಲೇ ಹೋಯಿತು.

ನಮ್ಮ ಮಾಸ್ತಿಕಲ್ಲುಗಳಿಗೆ ಹೋಲಿಸಬಹುದಾ?

ದಾರಿಬದಿಯಲ್ಲಿ ನಿಂತು ಹೆಣ್ಣೊಬ್ಬಳ ನೆನಪು ಹೇಳುವ ಕಲ್ಲು ಎನ್ನುವ ಮಟ್ಟಿಗೆ ಹೋಲಿಸಬಹುದು. ಮುಂದಕ್ಕೆ ಹೋದರೆ ಹೋಲಿಕೆ ನಿಲ್ಲುವುದಿಲ್ಲ. ಮಾಸ್ತಿಕಲ್ಲಿನ ಬಳೆ ತೊಟ್ಟ ಕೈ ಗಂಡನ ಜೊತೆ ಸತ್ತವಳದು. ಇಲ್ಲಿ ಗಂಡ ಬದುಕಿದ್ದಾನೆ, ಹೆಂಡತಿಗಾಗಿ ಕಲ್ಲು ನಿಲ್ಲಿಸುತ್ತಿದ್ದಾನೆ.

ನೋಡಲು ಹೋಗಬೇಕು. ಯಾವುದು ಮೊದಲು?

ಲಂಡನ್ನಿನಲ್ಲಿ ಇದ್ದರೆ ವಾಲ್ಥಮ್ ಕ್ರಾಸ್ ಸುಲಭ. ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನಿಂದ ರೈಲಿದೆ, ಇಳಿದು ನಡೆದೇ ಹೋಗಬಹುದು. ನಾರ್ಥಾಂಪ್ಟನ್ನಿನದು ಊರಿನ ದಕ್ಷಿಣಕ್ಕೆ, ಡೆಲಪ್ರೆ ಪಾರ್ಕಿನ ಅಂಚಿನಲ್ಲಿದೆ. ಪಾರ್ಕಿನೊಳಗಿನಿಂದ ನಡೆದು ಬಂದರೆ ಹೆಣ ಇರಿಸಿದ್ದ ಮಠದ ಜಾಗವನ್ನೂ ನೋಡಿದ ಹಾಗಾಗುತ್ತದೆ. ಗೆಡಿಂಗ್ಟನ್ನಿಗೆ ಕೆಟರಿಂಗ್ ಊರಿನಿಂದ ಹೋಗಬೇಕು. ಟಿಕೆಟ್ ಇಲ್ಲ.

ಒಂದೇ ನೋಡಲು ಸಮಯ ಇದ್ದರೆ ಗೆಡಿಂಗ್ಟನ್ನಿಗೆ ಹೋಗಿ. ಸಂಜೆ ಓರೆಬಿಸಿಲು ಬೀಳುವಾಗ ಹೋದರೆ ಮೈಮೇಲಿನ ಕುಸುರಿ ಎದ್ದು ಕಾಣುತ್ತದೆ. ಮೆಟ್ಟಿಲು ಹತ್ತಿ ಕೆತ್ತನೆ ಮುಟ್ಟಬೇಡಿ, ಕೈಯ ಜಿಡ್ಡು ಕಲ್ಲಿಗೆ ಒಳ್ಳೆಯದಲ್ಲ. ಸುತ್ತ ಒಂದು ಸುತ್ತು ಹಾಕಿ. ಮೂರು ಮುಖವಾದ್ದರಿಂದ ಯಾವ ದಾರಿಯಿಂದ ಬಂದರೂ ಒಬ್ಬ ರಾಣಿ ಎದುರಿಗೆ ಸಿಗುತ್ತಾಳೆ.